ಅಕ್ಕನ ಇನ್ನರ್ಧ ಮುಖ

ನಮ್ಮ ಮನೆಯ ಮೂರು ಪಂಚಮಿ ಫೋಟೋಗಳಲ್ಲಿ ಅಕ್ಕ ಅರ್ಧ ಇದ್ದಾಳೆ. ಮೊದಲನೆಯದರಲ್ಲಿ ಒಂದು ಕಣ್ಣು, ಅರ್ಧ ಮೂಗು. ಎರಡನೆಯದರಲ್ಲಿ ಒಂದು ಕಿವಿ, ಅದರ ಝುಮಕಿ, ಒಂದು ಭುಜ. ಮೂರನೆಯದರಲ್ಲಿ ಮುಕ್ಕಾಲು ಮುಖ ಬಂದಿದೆ. ಆದರೆ ಅದಕ್ಕಾಗಿ ಆಕೆ ಕತ್ತು ವಾಲಿಸಿ ಪಕ್ಕದವರ ಹೆಗಲ ಮೇಲೆ ಬೀಳುತ್ತಿರುವಂತೆ ಕೂತಿದ್ದಾಳೆ. ಮೂರನ್ನೂ ತೆಗೆದವನು ನಾನೇ.

ತಪ್ಪು ಖೋಲಿಯದು. ಕಲ್ಯಾಣ್ ಸ್ಟೇಷನ್ನಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುವ ಚಾಳಿನಲ್ಲಿ ನಮ್ಮ ಖೋಲಿ ಇದೆ. ಹತ್ತಡಿಗೆ ಹತ್ತಡಿಯ ಒಂದೇ ಕೋಣೆ. ನಾನು ಟೈಲ್ಸ್ ಹಾಕುವವನು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟೆ, ಆದರೆ ಅಡಿ-ಇಂಚಿನ ಲೆಕ್ಕ ತಪ್ಪಿದವನಲ್ಲ. ಹಿಂದಿನ ಗೋಡೆಗೆ ಒಲೆಯ ಕಟ್ಟೆ, ಎರಡಡಿ. ಅದರ ಮುಂದೆ ಜನ ಕೂತರೆ ಒಂದೂವರೆ ಅಡಿ. ಈ ಕಡೆ ಬಾಗಿಲಿಗೆ ಬೆನ್ನು ಹಚ್ಚಿ ನಾನು ನಿಂತರೆ ನನ್ನ ಮೈ, ಕ್ಯಾಮೆರಾ ಸೇರಿ ಇನ್ನೊಂದೂವರೆ. ಉಳಿದದ್ದು ಐದಡಿ. ಐದಡಿ ದೂರದಿಂದ ಅಣ್ಣ, ಅಪ್ಪ, ಅವ್ವ, ಅಣ್ಣನ ಹೆಂಡತಿ ಅಂದರೆ ನಮ್ಮ ವೈನಿ, ಆಮೇಲೆ ಅಕ್ಕ, ಇಷ್ಟು ಜನ ಸಾಲಾಗಿ ಬರಬೇಕು. ತಲೆಗೆ ಒಂದೂವರೆ ಅಡಿಯಂತೆ ಏಳೂವರೆ ಅಡಿ ಅಗಲ ಬೇಕು. ನನ್ನ ಹಳೆಯ ಕ್ಯಾಮೆರಾಕ್ಕೆ ಅಲ್ಲಿಂದ ಕಾಣುತ್ತಿದ್ದದ್ದು ಆರೂವರೆ ಚಿಲ್ಲರೆ. ಅಕ್ಕನ ಅರ್ಧ ಆ ಚಿಲ್ಲರೆಯಲ್ಲಿ ಹೋಗುತ್ತಿತ್ತು.

ಖೋಲಿಯ ಹೊರಗಿನ ಗ್ಯಾಲರಿಗೆ ಹೋಗಿ ತೆಗೆದರೆ ಬಾಗಿಲ ಚೌಕಟ್ಟು ಎರಡೂ ಕಡೆ ಕತ್ತರಿಸುತ್ತದೆ. ಅಂಗಳಕ್ಕೆ ಹೋಗೋಣ ಎಂದರೆ ಪಂಚಮಿ ಬರುವುದು ಶ್ರಾವಣದಲ್ಲಿ, ಆಗ ಇಲ್ಲಿ ಆಕಾಶವೇ ತೂತು ಬಿದ್ದಿರುತ್ತದೆ. ಫೋನಿನಲ್ಲಿ ಎಲ್ಲರೂ ಬರುತ್ತಾರೆ, ಖರೆ. ಆದರೆ ಟ್ಯೂಬ್‌ಲೈಟಿನ ಬೆಳಕಲ್ಲಿ ತೆಗೆದದ್ದನ್ನು ದೊಡ್ಡದು ಮಾಡಿ ಗೋಡೆಗೆ ಹಾಕಿದರೆ ಮುಖಗಳೆಲ್ಲ ಚಹಾದಲ್ಲಿ ಅದ್ದಿದ ಬಿಸ್ಕೀಟು.

ಸರಿ, ಅಕ್ಕನೇ ಯಾಕೆ ಪ್ರತಿಸಲ ತುದಿಗೆ? ಮೊದಲ ಸಲವೇ ನಾನೂ ಕೇಳಿದ್ದೆ.

"ಅಕ್ಕಾ, ನೀ ನಡುವ ಬಾ. ವೈನಿ ತುದಿಗೆ ಕುಂಡ್ರಲಿ."

"ಏ ಸುಮ್ನಿರೋ. ನಾ ಈ ಮನಿ ಬಿಟ್ಟ ಹ್ವಾದಾಕಿ. ಅಕಿ ಈ ಮನಿಗೆ ಬಂದಾಕಿ. ಬಂದಾಕಿನ್ನ ಅರ್ಧ ಕಡೀತಾರೇನು?"

"ಅಂದ್ರ ಹ್ವಾದವ್ರನ್ನ ಕಡೀಬೋದೇನ್ರಿ?" ಎಂದು ವೈನಿ ಕೇಳಿದಳು.

"ಮತ್ತ! ಅವ್ರು ಅರ್ಧ ಆ ಮನಿದವ್ರು, ಅರ್ಧ ಈ ಮನಿದವ್ರು. ಫೋಟೋದಾಗ ಬರೋಬ್ಬರಿ ಐತಿ ನೋಡು."

ಎಲ್ಲರೂ ನಕ್ಕರು. ನಾನು ಬಟನ್ ಒತ್ತಿದೆ. ಒಂದು ಕಣ್ಣು, ಅರ್ಧ ಮೂಗು.

ಹೋದ ಬೇಸಿಗೆಯಲ್ಲಿ ಒಂದು ಹಳೆಯ ಫುಲ್‌ಫ್ರೇಮ್ ಕ್ಯಾಮೆರಾ ನನ್ನ ಕೈಗೆ ಬಂತು. ಲೆನ್ಸ್ ಇಲ್ಲ, ಬರೀ ಬಾಡಿ. ಮಾರಿದವನು "ಇದರ ಒಳಗಿನ ಸೆನ್ಸರ್ ದೊಡ್ಡದು, ಹೆಚ್ಚು ಅಗಲ ಕಾಣುತ್ತದೆ" ಎಂದಿದ್ದ. ದೊಡ್ಡ ಖೋಲಿ ಸಿಕ್ಕಿತು ಎನ್ನುವಷ್ಟು ಖುಷಿಯಾಯಿತು ನನಗೆ. ಕ್ಯಾಮೆರಾ ದೊಡ್ಡದಾದರೆ ಜನ ತಾವಾಗಿಯೇ ಹಿಡಿಸುತ್ತಾರೆ ಎಂದುಕೊಂಡು ಮನೆಗೆ ತಂದೆ, ಹಳೆಯ ಲೆನ್ಸನ್ನೇ ಸಿಕ್ಕಿಸಿ ಅವ್ವನ ಫೋಟೋ ತೆಗೆದೆ. ನಡುವೆ ದುಂಡಗೆ ಅವ್ವ, ಸುತ್ತ ಕಪ್ಪು. ಸಣ್ಣ ಕ್ಯಾಮೆರಾದ ಲೆನ್ಸಿಗೆ ದೊಡ್ಡ ಸೆನ್ಸರ್ ಪೂರ್ತಿ ತುಂಬುವಷ್ಟು ಬೆಳಕು ಹರಡಲು ಬರುವುದಿಲ್ಲವಂತೆ. ಅದನ್ನು ಯಾರೂ ನನಗೆ ಹೇಳಿರಲಿಲ್ಲ.

ಅವ್ವ ಫೋಟೋ ನೋಡಿ, "ಇದೇನ್ ಕ್ಯಾಮೆರಾನೋ, ಕೊಡಪಾನದಾಗ ಹಣಿಕಿ ಹಾಕೀಯೋ?" ಎಂದಳು.

ಅಂದರೆ ಹೊಸ ಲೆನ್ಸ್ ಬೇಕು. ಒಂದೇ ಕೊಳ್ಳಲು ಸಾಧ್ಯ. ಎರಡಿದ್ದರೂ ಹೊರುವವರು ಯಾರು? ಟೈಲ್ಸ್ ಇಲ್ಲದ ದಿನಗಳಲ್ಲಿ ನಾನು ಯಾತ್ರೆಯ ಬಸ್ಸಿನ ಫೋಟೋಗ್ರಾಫರ್. ಡೊಂಬಿವಲಿಯಲ್ಲಿ ಹೋಟೆಲ್ ನಡೆಸುವ ಕರಾವಳಿಯ ಮಾಲೀಕರೊಬ್ಬರಿದ್ದಾರೆ. ಅವರ ಅಡುಗೆಮನೆಗೆ ಟೈಲ್ಸ್ ಹಾಕಲು ಹೋದವನ ಫೋನಿನಲ್ಲಿ ಫೋಟೋಗಳನ್ನು ನೋಡಿ ತಮ್ಮ ಜೊತೆ ಕರೆದುಕೊಂಡರು. ವರ್ಷಕ್ಕೆರಡು ಸಲ ತಮ್ಮ ಊರ ಕಡೆಯ ಜನರನ್ನು ಬಸ್ಸಿನಲ್ಲಿ ದೇವಸ್ಥಾನಗಳಿಗೆ ಒಯ್ಯುತ್ತಾರೆ. ಬಸ್ ನಿಲ್ಲುವುದು ಅರ್ಧ ಗಂಟೆ. ಅಷ್ಟರಲ್ಲಿ ಗುಂಪಿನ ಫೋಟೋ, ಗೋಪುರ, ನದಿ, ಅಜ್ಜಿಯರ ನಗು ಎಲ್ಲ ಮುಗಿಸಬೇಕು. ಲೆನ್ಸ್ ಬದಲಾಯಿಸುತ್ತ ಕೂತರೆ ಬಸ್ ಹೋಗಿಬಿಡುತ್ತದೆ.

"ಎಂತ ಮಾರಾಯ, ಹೋದ ಸಲ ಕಳಶ ಸಾಸಿವೆ ಕಾಳಷ್ಟು ಬಂದಿತ್ತು" ಎಂದಿದ್ದರು ಮಾಲೀಕರು. "ನಮ್ಮ ಹೆಂಗಸ್ರು ಎಲ್ಲ ನನ್ನನ್ನೇ ಕೇಳುದು, ಕಳಶ ಎಲ್ಲುಂಟು ಅಂತ. ಈ ಸಲ ಉದ್ದದ್ದು ತಕ್ಕೊ. ದೂರದ್ದು ಹತ್ರ ಬರ್ಬೇಕು, ಗೊತ್ತಾಯ್ತಾ?"

ನನಗೆ ಹೊಂದುವಂಥವು ಎರಡಿದ್ದವು. ಒಂದು ಇಪ್ಪತ್ತೆಂಟರಿಂದ ಇನ್ನೂರು. ಇನ್ನೊಂದು ಇಪ್ಪತ್ನಾಲ್ಕರಿಂದ ನೂರೈದು. ನಂಬರು ಸಣ್ಣದಾದಷ್ಟೂ ಅಗಲ ಕಾಣುತ್ತದೆ, ದೊಡ್ಡದಾದಷ್ಟೂ ದೂರದ್ದು ಹತ್ತಿರ ಬರುತ್ತದೆ. ಇಷ್ಟು ಹೇಳಲು ಯೂಟ್ಯೂಬಿನವರು ಅರ್ಧರ್ಧ ಗಂಟೆ ತೆಗೆದುಕೊಂಡರು. ಎಲ್ಲರೂ ಇಟ್ಟಿಗೆ ಗೋಡೆಯ ಫೋಟೋ ತೆಗೆದು, ಮೂಲೆ ಚೂಪಾಗಿದೆಯೋ ಇಲ್ಲವೋ ಎಂದು ಜಗಳ ಆಡುತ್ತಿದ್ದರು. ಇಟ್ಟಿಗೆ ಗೋಡೆ ನಾನು ದಿನಾ ನೋಡುತ್ತೇನೆ. ಮೂಲೆ ಚೂಪಿಲ್ಲದಿದ್ದರೆ ಮೇಸ್ತ್ರಿಯನ್ನು ಬೈಯಬೇಕು, ಲೆನ್ಸನ್ನಲ್ಲ. ಕೊನೆಗೆ ಪ್ರವಾಸಕ್ಕೆ ಇನ್ನೂರರದ್ದೇ ಸರಿ ಎಂದು ಬಹಳ ಜನ ಹೇಳಿದರು. ನನಗೂ ಹಾಗೇ ಅನ್ನಿಸಿತು. ಇಪ್ಪತ್ತೆಂಟಕ್ಕೂ ಇಪ್ಪತ್ನಾಲ್ಕಕ್ಕೂ ನಾಲ್ಕೇ ತಾನೆ ವ್ಯತ್ಯಾಸ? ಆ ಕಡೆ ತೊಂಬತ್ತೈದು ಹೆಚ್ಚಿಗೆ ಸಿಗುತ್ತಿತ್ತು. ಅಕ್ಕನನ್ನು ಕರೆಯಲು ಹೋದಾಗ ಬರುವ ದಾರಿಯಲ್ಲಿ ಥಾಣೆಯಲ್ಲಿ ಇಳಿದು ಕೊಳ್ಳುವುದು ಎಂದು ತೀರ್ಮಾನಿಸಿದೆ.

ನಮ್ಮ ವಿಜಯಪುರದ ಕಡೆ ಪಂಚಮಿ ಎಂದರೆ ಕೊಟ್ಟ ಹೆಣ್ಣುಮಕ್ಕಳ ಹಬ್ಬ. ಅಣ್ಣನೋ ತಮ್ಮನೋ ಹೋಗಿ ಕರೆದುಕೊಂಡು ಬರಬೇಕು. ಅವಳು ತಾನಾಗಿ ಬಂದರೆ ಮರ್ಯಾದೆಯಿಲ್ಲ. ಊರು ಬಿಟ್ಟು ಚಾಳಿಗೆ ಬಂದ ಮೇಲೂ ಅವ್ವ ಇದನ್ನು ಬಿಟ್ಟಿಲ್ಲ. ಹಾಗಾಗಿ ಹಬ್ಬದ ಹಿಂದಿನ ದಿನ ಕಾಮೋಠೆಗೆ, ಅಕ್ಕನ ಗಂಡನ ಮನೆಗೆ ಹೋದೆ. ಹೆಗಲಿಗೆ ಕ್ಯಾಮೆರಾದ ಚೀಲ. ಅದರಲ್ಲಿ ಎಂದಿನಂತೆ ಅಳತೆಯ ಟೇಪು.

ಅಕ್ಕನ ಅತ್ತೆ ಒಳ್ಳೆಯ ಹೆಂಗಸು. ನಾಲಿಗೆ ಮಾತ್ರ ಉಪ್ಪಿನಕಾಯಿ. ಹೋದ ವರ್ಷದ ಪಂಚಮಿ ಫೋಟೋಕ್ಕೆ ಅಕ್ಕ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು. ನನಗೆ ಚಹಾ ಕೊಟ್ಟ ಅತ್ತೆ ಅದರ ಕಡೆ ಬೆರಳು ಮಾಡಿದರು.

"ನೋಡಪಾ, ಮಂದಿ ಬಂದ ಕೇಳ್ತಾರ, ಇದರಾಗ ನಿನ್ನ ಸೊಸಿ ಎಲ್ಲಿ ಅಂತ. ನಾ ಅಂತೀನಿ, ಅಕಿ ತವರ ಮನ್ಯಾಗ ಅಕಿಗೆ ಜಾಗಾ ಸಾಲಲಿಲ್ಲ, ಅದಕ್ಕ ನಮ್ಮ ಮನಿಗೆ ಕಳಿಸ್ಯಾರ ಅಂತ."

ಅಕ್ಕ ಜೋರಾಗಿ ನಕ್ಕಳು. ನಾನೂ ನಕ್ಕೆ. ಆದರೆ ಮಾನಸರೋವರ ಸ್ಟೇಷನ್ನಿಗೆ ನಡೆಯುವಾಗ ಛತ್ರಿಯ ಕೆಳಗೆ ಅವಳ ಮಾತೇ ಇರಲಿಲ್ಲ. ಅವಳು ಸುಮ್ಮನಿರುವುದೆಂದರೆ ಲೋಕಲ್ ಗಾಡಿ ಖಾಲಿ ಇದ್ದಂತೆ, ಏನೋ ಕೆಟ್ಟಿದೆ ಎಂದರ್ಥ.

"ಅತ್ತಿ ಮಾತಿಗಿ ಸಿಟ್ಟ ಬಂತೇನು?" ಎಂದೆ.

"ಹೋಗೋ, ಅವ್ರು ಹಂಗ ನಗಚಾಟಿಗೆ ಅಂತಾರ." ಸ್ವಲ್ಪ ದೂರ ನಡೆದ ಮೇಲೆ ಹೇಳಿದಳು, "ಒಂದ ಪೂರಾ ಫೋಟೋ ಇದ್ರ ಚಲೋ ಇತ್ತು ನೋಡು. ಆ ಮನ್ಯಾಗ ಎಲ್ಲಾ ಅವ್ರದ ಐತಿ. ಭಾಂಡೆ, ಕಪಾಟು, ಎಲ್ಲಾ. ನಾ ನಿಮ್ಮಾಕಿ ಅಂತ ಹೇಳೂದು ಅದೊಂದ."

ಥಾಣೆಗೆ ಹೋಗುವ ಗಾಡಿಯಲ್ಲಿ ಬಾಗಿಲ ಹತ್ತಿರ ನಿಂತು ಇಪ್ಪತ್ತೆಂಟಕ್ಕೂ ಇಪ್ಪತ್ನಾಲ್ಕಕ್ಕೂ ನಡುವಿನ ಆ ನಾಲ್ಕರ ಬಗ್ಗೆಯೇ ಯೋಚಿಸಿದೆ. ನಾಲ್ಕು ಎಂದರೆ ಎಷ್ಟು ಇಂಚು? ಯೂಟ್ಯೂಬಿನವರು ಯಾರೂ ಇಂಚಿನಲ್ಲಿ ಹೇಳಿರಲಿಲ್ಲ.

ಥಾಣೆ ಸ್ಟೇಷನ್ನಿನ ಹತ್ತಿರದ ಅಂಗಡಿಗೆ ಹೊಕ್ಕೆವು. ಎರಡೂ ಲೆನ್ಸ್ ತೆಗೆಸಿ ಮೇಜಿನ ಮೇಲೆ ಇಡಿಸಿದೆ. ಆಮೇಲೆ ಚೀಲದಿಂದ ಟೇಪು ತೆಗೆದು ನೆಲದ ಮೇಲೆ ಎಳೆದೆ. ಐದಡಿ. ಗೋಡೆಯ ಕಡೆ ಒಂದು ಪೆನ್ನಿಟ್ಟು ಗುರುತು ಮಾಡಿದೆ.

ಅಂಗಡಿಯ ಸೇಠ್ ಹೊಟ್ಟೆಯನ್ನು ಗಲ್ಲಾಕ್ಕೆ ಆನಿಸಿ ನೋಡುತ್ತಿದ್ದವನು, "ಭಾಯ್, ಲೆನ್ಸ್ ಲೇನಾ ಹೈ ಕಿ ಫರ್ಶೀ ಬದಲ್‌ನಾ ಹೈ?" ಎಂದು ಕೇಳಿದ, ಲೆನ್ಸ್ ಬೇಕೋ ನೆಲದ ಕಲ್ಲು ಬದಲಿಸಬೇಕೋ ಎಂದು.

"ಪಾಂಚ್ ಆದ್ಮಿ ಚಾಹಿಯೇ" ಎಂದು ಐದು ಜನರನ್ನು ಕೇಳಿದೆ.

ಸೇಠ್ ಎದ್ದು ಬಂದ. ಅವನ ನೌಕರ ಬಂದ. ಚಹಾ ಕೊಡಲು ಬಂದಿದ್ದ ಮುದುಕ ಕಿಟ್ಲಿ ಹಿಡಿದೇ ನಿಂತ. ಮಳೆಗೆ ಒಳಗೆ ಬಂದಿದ್ದ ಒಬ್ಬ ಗಿರಾಕಿಯನ್ನು ಸೇಠ್ ತೋಳು ಹಿಡಿದು ಎಳೆದುಕೊಂಡ. ನಾಲ್ಕು ಜನ ಆದರು. ಐದನೆಯವಳಾಗಿ ಅಕ್ಕ ಹೋದಳು. ಯಾರೂ ಹೇಳದೆ ತಾನಾಗಿ ಹೋಗಿ ತುದಿಗೆ ನಿಂತಳು. ಅದನ್ನು ನೋಡಿ ನನಗೆ ಸಿಟ್ಟೇ ಬಂತು.

ಮೊದಲು ಇನ್ನೂರರ ಲೆನ್ಸ್ ಹಾಕಿ, ಇಪ್ಪತ್ತೆಂಟಕ್ಕೆ ತಿರುಗಿಸಿ ಒತ್ತಿದೆ. ಸೇಠ್, ನೌಕರ, ಕಿಟ್ಲಿ, ಗಿರಾಕಿ ಎಲ್ಲರೂ ಬಂದರು. ಅಕ್ಕನ ಒಂದು ಕಿವಿ ಬಂತು.

"ನೋಡಲೇ, ಥಾಣೇದಾಗೂ ಅರ್ಧ!" ಎಂದು ಅಕ್ಕ ಪರದೆ ನೋಡಿ ನಕ್ಕಳು.

ನೂರೈದರ ಲೆನ್ಸ್ ಹಾಕಿದೆ. ಇಪ್ಪತ್ನಾಲ್ಕಕ್ಕೆ ತಿರುಗಿಸಿದೆ. ಯಾರೂ ಅಲುಗಾಡಬೇಡಿ ಎಂದೆ. ಒತ್ತಿ ನೋಡಿದರೆ ಐವರೂ ಬಂದಿದ್ದರು. ಅಕ್ಕನ ಎರಡೂ ಝುಮಕಿ, ತವರಿಗೆಂದು ಕೈಯಲ್ಲಿ ಹಿಡಿದಿದ್ದ ಉಂಡಿಯ ಡಬ್ಬಿ, ಎಲ್ಲ. ಎರಡು ಫೋಟೋಗಳಲ್ಲಿ ಕಂಡ ಅಗಲವನ್ನು ಟೇಪು ಹಿಡಿದು ಹೋಲಿಸಿದೆ. ಆ ನಾಲ್ಕು ಎಂದರೆ ಒಂದಡಿಗಿಂತ ಒಂದಿಂಚು ಹೆಚ್ಚು. ಅಷ್ಟೇ ಬೇಕಾಗಿತ್ತು.

"ಇದನ್ನೇ ಕೊಡಿ" ಎಂದೆ.

ಅಕ್ಕ ನನ್ನ ಅಂಗಿ ಹಿಡಿದು ಮೂಲೆಗೆ ಎಳೆದಳು. "ಹುಚ್ಚ ಹಿಡದೈತೇನು? ಹೋಟೆಲ್ಲಿನವ್ರು ಏನ್ ಹೇಳ್ಯಾರು? ನಿನ್ನ ದಂಧೆಕ್ಕ ದೂರದ್ದ ಬೇಕು. ವರ್ಷಕ್ಕೊಂದ ಫೋಟೋದ ಸಲುವಾಗಿ ಯಾವನರ ಲೆನ್ಸ್ ತಗೋತಾನೇನು?"

"ನಾ ತಗೋತೀನಿ."

"ಬ್ಯಾಡ. ನಂಗೇನ್ ಅರ್ಧ ಇದ್ರೂ ನಡೀತೈತಿ."

"ಸುಮ್ನ ನಿಂದ್ರು ಅಕ್ಕಾ. ಟೈಲ್ಸ್ ದೊಡ್ಡದಿದ್ರ ಕಡದು ಸಣ್ಣದ ಮಾಡ್ಬೋದು. ಸಣ್ಣದಿದ್ರ ಎಳದು ದೊಡ್ಡದ ಮಾಡಾಕ ಬರ್ತೈತೇನು? ಕಳಶ ಸಣ್ಣದ ಬಂದ್ರ ಮನ್ಯಾಗ ಕುಂತು ಸುತ್ತಲಿಂದ ಕಡೀತೀನಿ, ದೊಡ್ಡದ ಆಗ್ತೈತಿ. ನಿನ್ನ ಕಿವಿ ಹೊರಗ ಉಳದ್ರ ಎಲ್ಲಿಂದ ತರ್ಲಿ?"

ಅವಳು ಮತ್ತೆ ಏನೋ ಹೇಳಲು ಬಾಯಿ ತೆರೆದಳು. ಭಾಷೆ ತಿಳಿಯದಿದ್ದರೂ ಸೇಠ್ ನಡುವೆ ಬಾಯಿ ಹಾಕಿದ. "ದೀದೀ, ಜಾನೇ ದೋ. ಇಸ್‌ಮೇಂ ಮೈಂ ಭೀ ಪತಲಾ ದಿಖತಾ ಹೂಂ." ಹೋಗಲಿ ಬಿಡಿ, ಇದರಲ್ಲಿ ನಾನೂ ತೆಳ್ಳಗೆ ಕಾಣುತ್ತೇನೆ ಎಂದು ಅವನ ಮಾತು. ಸೇಠ್ ನಡುವೆ ನಿಂತಿದ್ದ, ಅದಕ್ಕೆ ತೆಳ್ಳಗೆ ಕಂಡಿದ್ದ. ಆಗ ಅದು ನನ್ನ ತಲೆಗೆ ಹೋಗಲಿಲ್ಲ.

ಮರುದಿನ ಹಬ್ಬ. ಗ್ಯಾಲರಿಯ ತೊಲೆಗೆ ಅಣ್ಣ ಹಗ್ಗ ಕಟ್ಟಿ ಜೋಕಾಲಿ ಮಾಡಿದ. ಅಕ್ಕ, ವೈನಿ ಪಾಳಿಯ ಮೇಲೆ ಜೀಕಿದರು. ಪಕ್ಕದ ಖೋಲಿಯವರೂ ಬಂದು ಜೀಕಿ ಹೋದರು. ಶೇಂಗಾದ ಉಂಡಿ, ಎಳ್ಳುಂಡಿ, ಜೋಳದ ಅಳ್ಳು ತಿಂದಾದ ಮೇಲೆ ಒಲೆಯ ಕಟ್ಟೆಯ ಮುಂದೆ ಐವರೂ ಸಾಲಾಗಿ ಕೂತರು. ಅಕ್ಕ ತುದಿಗೇ ಕೂತಳು. ನಾನೂ ಒತ್ತಾಯ ಮಾಡಲಿಲ್ಲ, ಈಗ ತುದಿಗೂ ಜಾಗ ಇತ್ತು. ಅಪ್ಪ ಎಂದಿನಂತೆ ಉಸಿರು ಬಿಗಿಹಿಡಿದು ಕೂತ. ಬಾಗಿಲಿಗೆ ಬೆನ್ನು ಹಚ್ಚಿ ಒತ್ತಿದೆ.

ಎಲ್ಲರೂ ಬಂದಿದ್ದರು. ಪರದೆಯ ಮೇಲೆ ನಾನು ಎರಡು ಸಲ ಎಣಿಸಿದೆ. ಐದು ಮುಖ, ಹತ್ತು ಕಣ್ಣು.

ಅಕ್ಕ ನನ್ನ ಕೈಯಿಂದ ಕ್ಯಾಮೆರಾ ಕಸಿದುಕೊಂಡು ನೋಡಿದಳು. ಮುಖ ಇಷ್ಟಗಲ ಆಯಿತು. ಮರುಕ್ಷಣ ಕೂಗಿದಳು. "ಯವ್ವಾ! ಇದ್ಯಾವ ಎಮ್ಮಿನ ಕುಂಡರ್ಸೀಯೋ?"

ಖರೆ. ಅಗಲ ಕಾಣುವ ಲೆನ್ಸು ತುದಿಯಲ್ಲಿದ್ದವರನ್ನು ಎಳೆಯುತ್ತದೆ. ನಡುವಿನ ಅವ್ವ ಇದ್ದಂತೆಯೇ ಇದ್ದಳು. ತುದಿಯ ಅಕ್ಕ ಒಂದೂವರೆ ಪಟ್ಟು ಆಗಿದ್ದಳು. ಇನ್ನೊಂದು ತುದಿಯಲ್ಲಿದ್ದ ಕಡ್ಡಿಯಂಥ ಅಣ್ಣನೂ ಉಬ್ಬಿದ್ದ. ಅವನು ಮಾತ್ರ ತನ್ನ ತೋಳು ನೋಡಿಕೊಂಡು, "ನಂದ ಮಸ್ತ ಬಂದೈತಿ. ಜಿಮ್ಮಿಗೆ ಹೋದಂಗ" ಎಂದ.

"ಅಕ್ಕಾ, ನಡುವ ಬಾ. ಇನ್ನೊಂದ ತೆಗೀತೀನಿ" ಎಂದೆ.

ಈ ಸಲ ಅವಳು ಬಂದಳು. ಅಪ್ಪ ಅವ್ವನ ನಡುವೆ ಕೂತಳು. ವೈನಿ ತಾನಾಗಿಯೇ ತುದಿಗೆ ಸರಿದು, "ನಾನೂ ಒಂದ ಸಲ ದಪ್ಪ ಆಗಿ ನೋಡ್ತೀನಿ" ಎಂದಳು. ಅದನ್ನೂ ತೆಗೆದೆ. ಅಕ್ಕ ಅದರಲ್ಲಿ ಚೆಂದ ಬಂದಳು.

ಎರಡರಲ್ಲಿ ಯಾವುದಕ್ಕೆ ಚೌಕಟ್ಟು ಹಾಕಿಸಲಿ ಎಂದು ಕೇಳಿದೆ. ಬಹಳ ಹೊತ್ತು ನೋಡಿದಳು. ಮೊದಲನೆಯದರ ಮೇಲೆ ಬೆರಳಿಟ್ಟಳು.

"ದಪ್ಪ ಇದ್ದದ್ದಾ?"

"ಹೂಂ. ಅದ ನನ್ನ ಜಾಗಾ. ಅದ ಜಾಗಾದಾಗ ಪೂರಾ ಬಂದೀನಿ ಅಂತ ಅತ್ತಿಯವ್ರಿಗೆ ಕಾಣ್ಬೇಕು."

ಆಮೇಲಿನ ಯಾತ್ರೆಯಲ್ಲಿ ಹೋಟೆಲ್ ಮಾಲೀಕರು ಲೆನ್ಸ್ ನೋಡಿ "ಇಷ್ಟೇ ಉದ್ದವಾ?" ಎಂದು ಮುಖ ಗಂಟುಹಾಕಿದ್ದು ನಿಜ. ನಾನು ಅಂದಂತೆ ಸುತ್ತಲೂ ಕಡಿದು ಕಳಶ ದೊಡ್ಡದು ಮಾಡಿ ಕೊಟ್ಟೆ. ತಂಬಿಗೆಯಷ್ಟು ಬಂತು. ಅವರ ಹೆಂಗಸರು ಕೇಳುವುದನ್ನು ಬಿಟ್ಟರು. ಅದರ ಕಥೆ ಅಷ್ಟೇ.

ಹಬ್ಬದ ಮೂರನೆಯ ದಿನ ಅಕ್ಕನನ್ನು ಕಾಮೋಠೆಗೆ ಬಿಡಲು ಹೋದೆ. ಮೊಳೆಯಿಂದ ಹಳೆಯ ಫೋಟೋ ಇಳಿಸಿ ಹೊಸದನ್ನು ನಾನೇ ತೂಗುಹಾಕಿದೆ. ಕಣ್ಣಳತೆಯಲ್ಲಿ ನಂಬಿಕೆಯಿಲ್ಲ, ಮಟ್ಟಗೋಲು ಹಿಡಿದು ನೆಟ್ಟಗೆ ಮಾಡಿದೆ. ಅತ್ತೆ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಅಣ್ಣನಿಂದ ಶುರುಮಾಡಿ ಒಬ್ಬೊಬ್ಬರ ಮೇಲೂ ಬೆರಳಿಟ್ಟು ಬಂದರು. ಬೆರಳು ಅಕ್ಕನ ಮೇಲೆ ನಿಂತಿತು.

"ಬಂದಾಳಲ್ಲ, ಪೂರಾ!" ಎಂದರು. ಇನ್ನಷ್ಟು ಬಗ್ಗಿ ನೋಡಿದರು. "ಆದ್ರ ಇಕಿ ಯಾಕಪಾ ಇಷ್ಟ ದಪ್ಪ ಆಗ್ಯಾಳ?"

"ಅದು ಲೆನ್ಸಿಂದ್ರಿ ಅತ್ತಿ" ಎಂದೆ ನಾನು.

"ಲೆನ್ಸಿಂದಲ್ರಿ" ಎಂದಳು ಅಕ್ಕ ಒಳಗಿನಿಂದ, ಚಹಾದ ಪಾತ್ರೆ ಇಡುತ್ತ. "ಎರಡ ದಿನ ತವರ ಮನ್ಯಾಗ ಉಂಡಿ ತಿಂದಿದ್ದು."