ಒಂದು ಸ್ಕ್ರಿಪ್ಟ್ ಇನ್ನೊಂದನ್ನು ಎಬ್ಬಿಸಿದ್ದು

ಸ್ಕೂಟರ್ ಜಾರಿ ಕಾಲು ಮುರಿದುಕೊಂಡು ಅಜ್ಜಂಪುರದ ಮನೆಯಲ್ಲಿ ಮಲಗಿದ್ದೆ. ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುವ ನನಗೆ ಕಂಪ್ಯೂಟರ್ ಅಂದರೆ ಪ್ರಶ್ನೆಪತ್ರಿಕೆ ಟೈಪ್ ಮಾಡುವ ಯಂತ್ರ, ಅಷ್ಟೆ. ಕಡೂರಿನ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವ ಅಕ್ಕ ನನ್ನನ್ನು ನೋಡಲು ಬಂದವಳು ಲ್ಯಾಪ್‌ಟಾಪಿಗೆ ಒಂದು ಆಟ ಹಾಕಿಕೊಟ್ಟಳು. ಅದರಲ್ಲಿ ಓಡುವುದಿಲ್ಲ, ಗುಂಡು ಹಾರಿಸುವುದಿಲ್ಲ. ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಂ ಬರೆದರೆ ಅದೇ ನಮ್ಮ ಪರವಾಗಿ ಆಡುತ್ತದೆ.

"ಟಿವಿ ಸಾಕು ಮಾಡೇ, ಇದನ್ನ ನೋಡು," ಅಂದಳು.

ಸ್ವಲ್ಪ ದಿನಕ್ಕೆ ನನ್ನ ಬಳಿ ಎರಡು ಸ್ಕ್ರಿಪ್ಟ್‌ಗಳಾದವು. ಆಟದೊಳಗೆ ಬೀಗ ಹಾಕಿದ ಕಂಪ್ಯೂಟರುಗಳಿರುತ್ತವೆ. ಯಾವುದರ ಬೀಗ ತೆಗೆಯಬಹುದು ಎಂದು ಮೊದಲನೆಯದು ಹುಡುಕುತ್ತಿತ್ತು, ಎರಡನೆಯದು ತೆಗೆಯುತ್ತಿತ್ತು. ಆದರೆ ಪ್ರತಿ ಸಲವೂ ಎರಡನೆಯದನ್ನು ನಾನೇ ಶುರು ಮಾಡಬೇಕು. ಮೊದಲನೆಯದೇ ಅದನ್ನು ಯಾಕೆ ಕರೆಯಬಾರದು? ಕರೆದ ಮೇಲೆ ಮೊದಲನೆಯದರ ಗತಿಯೇನು, ಕಾಯುತ್ತದೆಯೋ, ಮುಗಿದೇ ಹೋಗುತ್ತದೆಯೋ?

ಮೊದಲನೆಯದರ ಕೊನೆಯ ಸಾಲಿನಲ್ಲಿ 'ರನ್' ಎಂದು ಬರೆದು ಎರಡನೆಯದರ ಹೆಸರು ಕೊಟ್ಟೆ. ಮೆಮೊರಿ ಸಾಲದು ಎಂದಿತು ಆಟ. ಅಕ್ಕನಿಗೆ ಫೋನ್ ಮಾಡಿದೆ.

"ಮೊದ್ಲನೇದು ಇನ್ನೂ ಜಾಗ ಹಿಡ್ಕೊಂಡ್ ಕೂತೈತಲ್ಲೇ, ಎರಡ್ನೇದನ್ನ ಎಲ್ಲಿ ಕೂರಿಸ್ತೀಯ?"

"ಅದು ಎದ್ದೋದ್ರೆ ಇದನ್ನ ಕರೆಯೋರ್ಯಾರು?"

ಅಕ್ಕ ನಕ್ಕಳು. "ಅದನ್ನೇ ಹುಡುಕು. ನಾನ್ ಹೇಳಲ್ಲ, ಹೋಗು."

ಸಿಟ್ಟು ಬಂತು. ಆದರೂ ಆ ಪ್ರಶ್ನೆ ಬಿಡಲಿಲ್ಲ. ತರೀಕೆರೆಯ ಆಸ್ಪತ್ರೆಯಲ್ಲಿ ಎಕ್ಸ್‌ರೇಗೆ ಕಾಯುವಾಗಲೂ ಮೊಬೈಲಿನಲ್ಲಿ ಆಟದ ಸೂಚನೆಗಳನ್ನೇ ಓದುತ್ತಿದ್ದೆ. ಅಲ್ಲಿ 'ಸ್ಪಾನ್' ಎಂಬ ಇನ್ನೊಂದು ಆಜ್ಞೆ ಸಿಕ್ಕಿತು. ಕರೆಯುವ ಸ್ಕ್ರಿಪ್ಟ್ ಮುಂದೆ ಬರಬೇಕಾದದ್ದರ ಹೆಸರು ಹೇಳಿ ತಾನು ಮುಗಿದುಹೋಗುತ್ತದೆ. ಕೊಂಚ ತಡೆದು ಆಟವೇ ಹೊಸದನ್ನು ಎಬ್ಬಿಸುತ್ತದೆ.

ಮನೆಗೆ ಬಂದವಳೇ ಹಾಗೆ ಬರೆದೆ. ಎರಡನೆಯದು ಎದ್ದಿತು, ಆದರೆ ಯಾವ ಬೀಗ ತೆಗೆಯಬೇಕೆಂದು ಗೊತ್ತಾಗದೆ ನಿಂತಿತು. ಮೊದಲನೆಯದು ಕಂಡುಹಿಡಿದದ್ದು ಅದರ ಜೊತೆಗೇ ಹೋಗಿತ್ತು! ಅದು ಮುಗಿಯುವ ಮುಂಚೆ ತಾನು ಹುಡುಕಿದ ಕಂಪ್ಯೂಟರಿನ ಹೆಸರನ್ನೂ ಎರಡನೆಯದಕ್ಕೆ ಕಳಿಸುವಂತೆ ತಿದ್ದಿದೆ. ಬೀಗ ತೆರೆಯಿತು. ಎರಡನೆಯದರ ಕೊನೆಗೂ ಅದೇ ಆಜ್ಞೆ ಹಾಕಿ ಮೊದಲನೆಯದನ್ನು ಕರೆಸಿದೆ. ನಾನು ಕೈ ಕಟ್ಟಿ ಕೂತಿದ್ದೆ, ಒಂದನ್ನೊಂದು ಎಬ್ಬಿಸುತ್ತ ಅವು ಬೀಗದ ಮೇಲೆ ಬೀಗ ತೆಗೆಯುತ್ತಿದ್ದವು.

"ಅಕ್ಕಾ, ನಡೀತು ಕಣೇ!" ಎಂದು ಫೋನಿನಲ್ಲಿ ಕೂಗಿದೆ.

"ನಿಲ್ಸೋದು ಎಲ್ಲಿ ಅಂತ ಬರ್ದಿದೀಯಾ?"

ಬರೆದಿರಲಿಲ್ಲ. ಭಾನುವಾರ ಅವಳು ಬಂದಾಗ, ಅವೆರಡನ್ನೂ ನಿಲ್ಲಿಸಲೆಂದೇ ಮೂರನೆಯ ಸ್ಕ್ರಿಪ್ಟೊಂದನ್ನು ಬರೆಯುತ್ತ ಕೂತಿದ್ದೆ. ಅಕ್ಕ ಚೀಲ ಕೆಳಗಿಟ್ಟು ಪಕ್ಕದಲ್ಲಿ ಕೂತಳು.