ಬಸಿಗಾಲುವೆಯಲ್ಲಿ ನೆಟ್ಟ ಬಾಳೆ

ವಿಮಾನ ನಿಲ್ದಾಣವನ್ನು ಇನ್ನೂ ದೊಡ್ಡದು ಮಾಡುತ್ತಾರೆ ಎಂಬ ಸುದ್ದಿ ಬಂದ ಮೇಲೆ, ನಮ್ಮ ಬೀದಿಗೆ ಬೂಟು ಹಾಕಿಕೊಂಡು ಯಾರು ಬಂದರೂ ನಾನು ಮೊದಲು ಅವರ ಕೈ ನೋಡುತ್ತೇನೆ. ಕೈಯಲ್ಲಿ ಟೇಪು ಇದ್ದರೆ ಕುಡಿಯಲು ನೀರೂ ಕೊಡುವುದಿಲ್ಲ. ಹಿಂದಿನ ಸಲ ಬಂದವರು ಮಜ್ಜಿಗೆ ಕುಡಿದು, ನಿಮಗೇನೂ ತೊಂದರೆ ಇಲ್ಲ ಎಂದು ಹೇಳಿ ಹೋದರು. ಆಮೇಲೆ ನನ್ನ ಗದ್ದೆ ನಿಲ್ದಾಣದ ಕಾಂಪೌಂಡಿನ ಒಳಗಾಯಿತು. ಉಳಿದದ್ದು ಮನೆ ಮತ್ತು ಹಿತ್ತಲು.

ಈ ಸಲ ಬಂದವಳು ಎಂಜಿನಿಯರ್ ಹುಡುಗಿ. ರನ್‌ವೇ ಮೇಲೆ ಬಿದ್ದ ಮಳೆನೀರು ಎಲ್ಲಿಗೆ ಹೋಗಬೇಕು ಎಂದು ಚರಂಡಿ ನಕ್ಷೆ ಮಾಡುವುದು ಅವಳ ಕೆಲಸವಂತೆ. ಇಲ್ಲಿ ನೀರು ಯಾವ ಕಡೆ ಹರಿಯುತ್ತದೆ ಎಂದು ಮನೆಮನೆಗೂ ಕೇಳಿಕೊಂಡು ಬಂದಳು.

ನೀರು ಹರಿಯುವುದು ನನ್ನ ಬೇಲಿಗೂ ಓರಗಿತ್ತಿಯ ಗೋಡೆಗೂ ನಡುವೆ ಇರುವ ಬಸಿಗಾಲುವೆಯಲ್ಲಿ. ಗದ್ದೆಯ ಹೆಚ್ಚಿನ ನೀರು ಕೆರೆಗೆ ಹೋಗಲಿ ಎಂದು ಹಿರಿಯರು ತೋಡಿದ್ದು. ಮುಂಗಾರಿಗೆ ಮೊದಲು ಮನೆಗೊಬ್ಬರು ಬಂದು ಅದರ ಹೂಳು ಎತ್ತುವುದು ರೂಢಿ. ಈ ವರ್ಷ ಯಾರೂ ಎತ್ತಲಿಲ್ಲ. ಕಾಲುವೆ ಕಣ್ಣಿಗೆ ಬಿದ್ದರೆ ಅದನ್ನೇ ಅಗಲ ಮಾಡುತ್ತಾರೆ, ನನ್ನ ಗೋಡೆಯೂ ಹೋಗುತ್ತದೆ, ನಿನ್ನ ಹಿತ್ತಲೂ ಹೋಗುತ್ತದೆ ಎಂದು ಓರಗಿತ್ತಿ ಹೇಳಿದಳು. ನನ್ನ ಹಿತ್ತಲಿಗಾಗಿ ಅವಳು ಮರುಗಿದ್ದು ಅದೇ ಮೊದಲು. ಆಗಲೇ ನನಗೆ ಅನುಮಾನ ಬಂತು. ಆದರೂ ಈ ಹುಡುಗಿ ಬರುವ ಮೊದಲೇ ಇಬ್ಬರೂ ಸೇರಿ ಕಾಲುವೆಗೆ ಮಣ್ಣು ತುಂಬಿ, ಉದ್ದಕ್ಕೂ ಬಾಳೆ ನೆಟ್ಟಿದ್ದೆವು. ಅವಳು ಕೇಳಿದಾಗ ಬೀದಿಯವರೆಲ್ಲ ಇಲ್ಲಿ ನೀರು ಹೋಗಲು ದಾರಿಯೇ ಇಲ್ಲ ಎಂದರು.

ಹುಡುಗಿ ಬಾಳೆ ನೋಡುತ್ತ ನಿಂತಳು.

"ಅಜ್ಜಿ, ಇದೇನು ಇಷ್ಟು ನೆಟ್ಟಗೆ ಸಾಲಾಗಿದೆ?"

"ನಮ್ಮ ಬಾಳೆಗೆ ಶಿಸ್ತು ಜಾಸ್ತಿ" ಎಂದೆ. ಬರೆದುಕೊಂಡು ಹೋದಳು.

ಮತ್ತೆ ಬಂದಾಗ ನಕ್ಷೆ ತಂದಿದ್ದಳು. ನನಗೆ ಓದಲು ಬರುವುದು ಬಸ್ಸಿನ ಬೋರ್ಡು ಮಾತ್ರ, ಅದೂ ಶಿವಮೊಗ್ಗ, ಭದ್ರಾವತಿ ಎರಡೇ. ಆದರೆ ನನ್ನ ಮನೆ ಇರುವ ಜಾಗದಲ್ಲಿ ನೀಲಿ ಬಳಿದದ್ದು ಕಾಣದಷ್ಟು ಕುರುಡಿಯಲ್ಲ. ಇದೇನು ಎಂದು ಕೇಳಿದೆ.

"ನೀರು ಹೋಗಕ್ಕೆ ದಾರಿನೇ ಇಲ್ಲ ಅಂದ್ರಲ್ಲ ಅಜ್ಜಿ. ಹಂಗಾದ್ರೆ ಹೊಂಡ ತೋಡಿ ನಿಲ್ಲಿಸ್ಬೇಕಾಗುತ್ತೆ. ತಗ್ಗಿರೋದು ನಿಮ್ಮ ಜಾಗನೇ."

ನಾನು ಓರಗಿತ್ತಿಯ ಮುಖ ನೋಡಿದೆ. ಅವಳು ಹೆಂಚು ನೋಡುತ್ತಿದ್ದಳು. ಅವಳ ಅಳಿಯ ಭದ್ರಾವತಿಯಲ್ಲಿ ಮಣ್ಣು ಹೊಡೆಯುವ ಟಿಪ್ಪರ್ ಇಟ್ಟಿದ್ದಾನೆ. ಹೊಂಡ ತೋಡಿದರೆ ಮಣ್ಣನ್ನು ಯಾರಾದರೂ ಹೊಡೆಯಲೇಬೇಕಲ್ಲ.

ಹಿತ್ತಲಿಗೆ ಹೋಗಿ ಮೊದಲನೇ ಬಾಳೆ ಕಿತ್ತೆ.

"ಅಕ್ಕಾ, ಬೇರು ಹಿಡಿದ ಬಾಳೆ ಕೀಳ್ಬಾರ್ದು, ಮನೆಗೆ ಒಳ್ಳೇದಲ್ಲ" ಎಂದಳು ಓರಗಿತ್ತಿ.

"ಮನೆ ಉಳಿದ್ರೆ ತಾನೆ ಒಳ್ಳೇದು ಕೆಟ್ಟದ್ದು ನೋಡೋದು. ಸರಿ ಆಚೆ, ಮಾರಾಯ್ತಿ."

ಕಾಲುವೆಯ ಅಂಚು ಕಾಣುವವರೆಗೂ ಕಿತ್ತೆ. ನಾವು ಸುಳ್ಳು ಹೇಳಿದ್ದು ನಿಜ, ಈಗ ನೀನು ನಿಜ ಹೇಳು, ಇದನ್ನು ಅಗಲ ಮಾಡುತ್ತೀಯಾ ಎಂದು ಹುಡುಗಿಯನ್ನು ಕೇಳಿದೆ. ಅಳತೆ ಮಾಡದೆ ಏನೂ ಹೇಳಲಾರೆ ಎಂದಳು. ತೊಂದರೆ ಇಲ್ಲ ಎಂದು ಮಾತ್ರ ಹೇಳಲಿಲ್ಲ. ಹಾಗಾಗಿ ಅವತ್ತು ಅವಳಿಗೆ ಮಜ್ಜಿಗೆ ಕೊಟ್ಟೆ.

ಅಳತೆಯಾದ ಮೇಲೆ ಬಂದು ಹೇಳಿದಳು. ಹೊಂಡವನ್ನು ಕಾಂಪೌಂಡಿನ ಒಳಗೇ ತೋಡುತ್ತಾರಂತೆ. ಎಲ್ಲಿ ಎಂದು ತೋರಿಸಿದಳು. ಅದು ನನ್ನ ಹಳೇ ಗದ್ದೆ. ತುಂಬಿ ಹೆಚ್ಚಾದ ನೀರು ಮಾತ್ರ ಬಸಿಗಾಲುವೆಗೆ ಬರುತ್ತದಂತೆ. ಕಾಲುವೆ ಒಂದಿಷ್ಟು ಅಗಲ ಆಗಲೇಬೇಕಂತೆ. ಎಷ್ಟು ಎಂದು ಗುರುತಿಗೆ ಎರಡೂ ದಡದಲ್ಲಿ ಗೂಟ ಹೊಡೆಸಿ ಹೋದಳು.

ಬೆಳಿಗ್ಗೆ ಎದ್ದು ಮುಖ ತೊಳೆಯುವ ಮೊದಲು ನಾನು ಪೊರಕೆ ಕಡ್ಡಿ ಹಿಡಿದು ಬೇಲಿಯಿಂದ ಗೂಟಕ್ಕೆ ಅಳೆಯುತ್ತೇನೆ. ಆಚೆ ಓರಗಿತ್ತಿ ಗೋಡೆಯಿಂದ ಮೊಳ ಹಾಕುತ್ತಾಳೆ. ಮೊನ್ನೆ ನೋಡಿದರೆ ಎರಡೂ ಗೂಟ ನನ್ನ ಬೇಲಿಯ ಕಡೆ ಸರಿದಿದ್ದವು. ಕೇಳಿದ್ದಕ್ಕೆ, ದನ ಮೈ ಉಜ್ಜಿರಬೇಕು ಎಂದಳು.

ಗದ್ದೆ ಹೋದ ವರ್ಷವೇ ನಮ್ಮ ಬೀದಿಯವರೆಲ್ಲ ದನ ಮಾರಿದ್ದಾರೆ.