ಹೊಲಿಗೆಯನ್ನು ಹೊರಗಿಟ್ಟ ಟೈಲರಕ್ಕ

ಕಳೆದ ವಾರ ಹಾಸನದ ಬಟ್ಟೆ ಅಂಗಡಿಯೊಂದರಲ್ಲಿ ಮಗನ ಯೂನಿಫಾರಂಗೆ ಬಟ್ಟೆ ನೋಡುತ್ತಿದ್ದೆ. ಅಂಗಡಿಯವರು ಬಟ್ಟೆಯ ಥಾನನ್ನು ಮೇಜಿನ ಮೇಲೆ ದಡದಡನೆ ಉರುಳಿಸಿ ಬಿಡಿಸಿದಾಗ ಗಂಜಿಯ ವಾಸನೆ ಮೂಗಿಗೆ ಬಡಿಯಿತು. ಹೊಸ ಬಟ್ಟೆಯ ಆ ಒಣ ಘಾಟು... ಅಷ್ಟೇ ಸಾಕಾಯಿತು. ಹೊಳೆನರಸೀಪುರದ ನಮ್ಮ ಬೀದಿ, ಟೈಲರಕ್ಕನ ಮನೆಯ ಹೊಸಿಲು ಎಲ್ಲ ಕಣ್ಣಮುಂದೆ ಬಂತು.

ಅವರು ನಮ್ಮ ಎದುರುಮನೆಯವರು. ಅರಕಲಗೂಡು ಕಡೆಯ ಹಳ್ಳಿಯಿಂದ ಬಂದು, ಮುಂದಿನ ಕೋಣೆಯಲ್ಲೇ ಕಾಲಲ್ಲಿ ತುಳಿಯುವ ಮಿಷನ್ ಇಟ್ಟುಕೊಂಡು ಹೆಂಗಸರ ರವಿಕೆ, ಮಕ್ಕಳ ಫ್ರಾಕು ಹೊಲಿಯುತ್ತಿದ್ದರು. ಕೊರಳಲ್ಲಿ ಸದಾ ಟೇಪು, ತುಟಿಗಳ ನಡುವೆ ಗುಂಡುಸೂಜಿ. ಹಾಗಾಗಿ ಅವರ ಅರ್ಧ ಮಾತು ಹಲ್ಲಿನ ಸಂದಿಯಿಂದಲೇ ಬರುತ್ತಿತ್ತು. ಬೀದಿಗೆಲ್ಲ ಅವರು ಟೈಲರಕ್ಕ.

ತೊಂಬತ್ತರ ದಶಕದ ಮಾತು. ನಾನು ಆರನೇ ಕ್ಲಾಸು, ತಂಗಿ ಅದೇ ಸ್ಕೂಲಿನಲ್ಲಿ ಒಂದನೇ ಕ್ಲಾಸು. ಅವಳು ಆಡುತ್ತಿದ್ದುದು ನಾಲ್ಕೈದು ಮಾತು ಮಾತ್ರ. ಖುಷಿಯಾದರೆ ಎರಡೂ ಕೈ ಪಟಪಟನೆ ಬಡಿಯುವಳು. ಕುಕ್ಕರ್ ಕೂಗಿದರೆ ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಸೇರುವಳು. ಆಟಿಸಂ ಎಂಬ ಪದ ನಮ್ಮ ಮನೆಗೆ ಬಂದದ್ದು ಎಷ್ಟೋ ವರ್ಷಗಳ ಮೇಲೆ. ಆಗ ನಮ್ಮ ಬಳಿ ಇದ್ದ ಪದ ಒಂದೇ, ಹಟಮಾರಿ. ಎರಡನೇ ಪೀರಿಯಡ್ ಮುಗಿಯುವುದರೊಳಗೆ ಅವಳು ಯೂನಿಫಾರಂ ಶರ್ಟು ಕಿತ್ತು ಎಸೆಯುತ್ತಿದ್ದಳು. ಮಕ್ಕಳು ಹೋ ಎಂದು ನಗುತ್ತಿದ್ದರು. ನನ್ನನ್ನು ಕರೆಸುತ್ತಿದ್ದರು. ನಾನು ತಲೆ ತಗ್ಗಿಸಿಕೊಂಡು ಅವಳನ್ನು ಮನೆಗೆ ಕರೆತರುತ್ತಿದ್ದೆ. ನನಗೆ ನಾಚಿಕೆಯಾಗುತ್ತಿತ್ತು... ಇದನ್ನು ಬರೆಯುವಾಗ ಆ ನಾಚಿಕೆಯ ಬಗ್ಗೆಯೇ ನಾಚಿಕೆಯಾಗುತ್ತದೆ.

ಒಂದು ಶುಕ್ರವಾರ ಹೆಡ್ ಮೇಡಂ ಅಮ್ಮನನ್ನು ಕರೆಸಿ, "ಇನ್ನೊಂದು ಸಲ ಹೀಗಾದ್ರೆ ಮನೇಲೇ ಇಟ್ಕೊಂಡುಬಿಡಿ" ಎಂದರು. ಮನೆಗೆ ಬಂದ ಅಮ್ಮ ತಂಗಿಗೆ ಹೊಡೆದಳು. ಆಮೇಲೆ ಅವಳಿಗಿಂತ ಜೋರಾಗಿ ತಾನೇ ಅತ್ತಳು.

ಅಳು ಕೇಳಿ ಟೈಲರಕ್ಕ ಬಂದರು. ನೆಲದ ಮೇಲಿದ್ದ ಶರ್ಟನ್ನೆತ್ತಿ ಒಳಮಗ್ಗುಲು ತಿರುಗಿಸಿದರು. ಕಾಲರಿನ ಹೊಲಿಗೆಯನ್ನು ತಮ್ಮ ಮುಂಗೈಯ ಒಳಭಾಗಕ್ಕೆ ಉಜ್ಜಿ ನೋಡಿಕೊಂಡರು. ಆಮೇಲೆ ತಂಗಿಯನ್ನು ಮುಟ್ಟದೆ, ಒಂದು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತು ಅವಳ ಕತ್ತು ನೋಡಿದರು. ಕತ್ತಿನ ಸುತ್ತ ಕೆಂಪು ಗೆರೆ ಎದ್ದಿತ್ತು.

"ಅಟ ಅಲ್ಲ ಕಣವ್ವ ಇದು," ಎಂದರು ಅಮ್ಮನಿಗೆ. "ಚುಚ್ತೈತೆ ಮಗೀಗೆ. ನಮ್ಗೆ ದಾರ, ಇದ್ಕೆ ಮುಳ್ಳು. ಮುಳ್ಳು ತೊಡ್ಸಿ ಸುಮ್ಕಿರು ಅಂದ್ರೆ ಯಾರಿರ್ತಾರೆ?"

ಅಮ್ಮ ಹೊಡೆದ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತುಬಿಟ್ಟಳು.

ಮರುದಿನ ಟೈಲರಕ್ಕ ಒಂದು ಬುಟ್ಟಿ ತುಂಬ ಚೂರುಬಟ್ಟೆ ತಂದು ತಂಗಿಯ ಮುಂದಿಟ್ಟು, ತಾವು ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತ ಕೂತರು. "ಆರಿಸ್ಕೊ ಪುಟ್ಟವ್ವ, ನಂಗೇನ್ ಅರ್ಜೆಂಟಿಲ್ಲ." ತಂಗಿ ಒಂದೊಂದೇ ಚೂರನ್ನು ಕೆನ್ನೆಗೆ ಉಜ್ಜಿ ಎಸೆದಳು. ಟೆರಿಕಾಟ್ ಹೋಯಿತು, ಪಾಲಿಯೆಸ್ಟರ್ ಹೋಯಿತು. ಕೊನೆಗೆ ಒಗೆದು ಒಗೆದು ಮೆತ್ತಗಾದ ಹತ್ತಿಯ ತುಂಡೊಂದನ್ನು ಹಿಡಿದವಳು ಬಿಡಲೇ ಇಲ್ಲ. ಟೇಪು ಹಿಡಿದರೆ ಕೂಗುತ್ತಾಳೆಂದು ಅವಳ ಹಳೇ ಫ್ರಾಕಿನ ಅಳತೆ ತೆಗೆದರು. ಅಂಥದೇ ಬಿಳಿ ಹತ್ತಿಬಟ್ಟೆ ಹುಡುಕಿ, ನಾಲ್ಕು ಸಲ ಒಗೆದು, ಶರ್ಟು ಹೊಲಿದರು. ಹೊಲಿಗೆಯ ಅಂಚೆಲ್ಲ ಹೊರಗೆ, ನುಣುಪೆಲ್ಲ ಒಳಗೆ!

ತೊಡಿಸಿದ ಐದೇ ನಿಮಿಷಕ್ಕೆ ತಂಗಿ ಅದನ್ನೂ ಕಿತ್ತೆಸೆದಳು. ಟೈಲರಕ್ಕ ಅದನ್ನು ಬೆಳಕಿಗೆ ಹಿಡಿದು ಇಂಚಿಂಚೂ ತಡವಿದರು. "ನಂದೇ ತಪ್ಪು ಕಣವ್ವ, ಗುಂಡಿ ದಾರ ನೈಲಾನು!" ಎಂದು ನಕ್ಕು, ಗುಂಡಿಗಳನ್ನೆಲ್ಲ ಬಿಚ್ಚಿ ಹತ್ತಿದಾರದಲ್ಲಿ ಹೊಲಿದರು. ಈ ಸಲ ತಂಗಿ ಒಂದು ನಿಮಿಷ ಅಲ್ಲಾಡದೆ ನಿಂತಳು. ಆಮೇಲೆ ಕೈ ಬಡಿಯುತ್ತ ಅಂಗಳದ ಸುತ್ತ ಓಡಿದಳು, ಮತ್ತೆ ಓಡಿದಳು. ಅಮ್ಮ, ಟೈಲರಕ್ಕ, ನಾನು ಮೂವರೂ ಹುಚ್ಚರ ಹಾಗೆ ನಗುತ್ತಿದ್ದೆವು.

ಸೋಮವಾರ ಟೈಲರಕ್ಕ ತಾವೇ ಸ್ಕೂಲಿಗೆ ಬಂದರು. ಹೆಡ್ ಮೇಡಂ ಹುಬ್ಬೇರಿಸಿ, "ಇದೇನು, ಉಲ್ಟಾ ಹಾಕಿ ಕಳಿಸಿದೀರಾ?" ಎಂದರು.

"ಉಲ್ಟಾ ಅಲ್ಲ ಮೇಡಮ್ಮೋರೆ. ಒಲಿಗೆ ನೋಡೋರ ಕಣ್ಣಿಗೆ ಚುಚ್ಚಾಕಿಲ್ಲ, ಆಕ್ಕೊಳೋರ ಮೈಗೆ ಚುಚ್ತೈತೆ. ಇವತ್ತೊಂದಿನ ನೋಡಿ."

ಮೇಡಂ ಶರ್ಟನ್ನು ಇನ್ನೊಮ್ಮೆ ನೋಡಿ, "ಒಂದು ದಿನ" ಎಂದರು.

ಅವತ್ತು ನನಗೆ ಪಾಠ ಎಲ್ಲಿ ತಲೆಗೆ ಹತ್ತಿತು! ಎರಡನೇ ಪೀರಿಯಡ್ ಮುಗಿಯಿತು, ಯಾರೂ ಕರೆಯಲು ಬರಲಿಲ್ಲ. ಊಟದ ಬೆಲ್ಲಿಗೆ ಓಡಿಹೋಗಿ ತಂಗಿಯ ಕ್ಲಾಸಿನ ಕಿಟಕಿಯಲ್ಲಿ ಇಣುಕಿದೆ. ಕಿವಿ ಮುಚ್ಚಿಕೊಂಡಿದ್ದಳು, ಆದರೆ ಬೆಂಚಿನ ಮೇಲೇ ಇದ್ದಳು, ಶರ್ಟು ಮೈಮೇಲೇ ಇತ್ತು. ಕೊನೆಯ ಬೆಲ್ಲಾದಾಗಲೂ ಇತ್ತು! ಅವಳ ಕೈ ಹಿಡಿದು ಬೀದಿಯುದ್ದಕ್ಕೂ "ಟೈಲರಕ್ಕಾ, ಕಿತ್ತಿಲ್ಲ! ಕಿತ್ತೇ ಇಲ್ಲ!" ಎಂದು ಕೂಗುತ್ತ ಓಡಿದೆ. ಅವರು ಮಿಷನ್ ಬಿಟ್ಟೆದ್ದು, ಬಾಯಿಯ ಗುಂಡುಸೂಜಿ ಉಗಿದು, ನಡುಬೀದಿಯಲ್ಲಿ ಚಪ್ಪಾಳೆ ತಟ್ಟಿದರು.

ಸುದ್ದಿ ನಿಧಾನವಾಗಿ ಊರು ದಾಟಿತು. ಒಮ್ಮೆ ಚನ್ನರಾಯಪಟ್ಟಣದಿಂದ ಒಬ್ಬ ತಾಯಿ ತನ್ನ ಬೆಳೆದ ಮಗನನ್ನು ಕರೆತಂದರು. ಅವನು ಅಂಗಿ ತೊಡುವುದಿಲ್ಲವೆಂದು ಯಾವ ಮದುವೆಗೂ ಕರೆದೊಯ್ಯುತ್ತಿರಲಿಲ್ಲವಂತೆ. ಟೈಲರಕ್ಕ ತಾಯಿಯನ್ನು ಬಿಟ್ಟು ಅವನನ್ನೇ ಕೇಳಿದರು: "ನಿಂಗೆ ಯಾವ್ದು ಬೇಕಪ್ಪಾ?" ಅವನು ಬಹಳ ಹೊತ್ತಿನ ಮೇಲೆ ಒಂದು ನೀಲಿ ಬಟ್ಟೆ ತೋರಿಸಿದ. ಇದುವರೆಗೆ ಯಾರೂ ಅವನನ್ನು ಕೇಳಿರಲಿಲ್ಲ ಎಂದು ಆ ತಾಯಿ ಹೊಸಿಲ ಮೇಲೆ ಕೂತು ಹೇಳಿದ್ದು ನನಗೆ ನೆನಪಿದೆ.

ಅಷ್ಟರಲ್ಲಿ ತಂಗಿ ಹದಿನೇಳು ದಾಟಿದ್ದಳು. ಅಂಥ ಬಟ್ಟೆಗಳನ್ನು ಪರೀಕ್ಷಿಸುವ ಕೆಲಸ ಅವಳದಾಯಿತು. ಒಳಮಗ್ಗುಲಲ್ಲಿ ಬೆರಳಾಡಿಸಿ "ಚುಚ್ತು" ಅಂದರೆ ಟೈಲರಕ್ಕ ಮರುಮಾತಾಡದೆ ಬಿಚ್ಚಿ ಹೊಲಿಯುತ್ತಿದ್ದರು. "ಇವ್ಳು ಊಂ ಅನ್ನದೆ ಒಂದೂ ಆಚೆ ಓಗಾಕಿಲ್ಲ" ಎಂದು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುವರು.

ಎರಡು ಸಾವಿರದ ದಶಕ ಮುಗಿಯುವ ಹೊತ್ತಿಗೆ ಟೈಲರಕ್ಕ ತೀರಿಕೊಂಡರು. ನಾನು ಮದುವೆಯಾಗಿ ಹಾಸನಕ್ಕೆ ಬಂದಿದ್ದೆ. ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಂಗಿ ಅಳಲಿಲ್ಲ. ತಿಂಗಳುಗಟ್ಟಲೆ ದಿನಾ ಬೆಳಿಗ್ಗೆ ಹೋಗಿ ಆ ಮುಚ್ಚಿದ ಬಾಗಿಲ ಮುಂದೆ ಕೂತು ಬರುತ್ತಿದ್ದಳು ಎಂದು ಅಮ್ಮ ಹೇಳಿದಳು...

ಮೊನ್ನೆ ಭಾನುವಾರ ತಂಗಿ ಹೊಳೆನರಸೀಪುರದಿಂದ ಹಾಸನಕ್ಕೆ ಒಬ್ಬಳೇ ಬಸ್ಸಿನಲ್ಲಿ ಬಂದಳು. ಜೀವಮಾನದಲ್ಲೇ ಮೊದಲ ಸಲ! ಬಸ್ ಸ್ಟ್ಯಾಂಡಿನಲ್ಲಿ ಇಳಿದು, ನನ್ನನ್ನು ಕಂಡು, "ಬಂದೆ" ಎಂದಳು. ನಾನು ಜನರ ನಡುವೆಯೇ ಕುಣಿದಾಡಿದೆ. ಅಮ್ಮನಿಗೆ ಫೋನ್ ಮಾಡಿದೆ, ಗಂಡನಿಗೆ ಮಾಡಿದೆ. ಆದರೂ ಮನಸ್ಸು ಇನ್ನೂ ಯಾರಿಗೋ ಹೇಳಬೇಕೆಂದು ತಡಕಾಡುತ್ತಲೇ ಇತ್ತು. ಯಾರಿಗೆಂದು ಹೊಳೆದಾಗ ಫೋನನ್ನು ಚೀಲದೊಳಗಿಟ್ಟೆ.